ಕೂದಲೆಳೆಯ ಸುರುಳಿಯೂ ಅಯಸ್ಕಾಂತವೂ

ನಮ್ಮ ವಾಚಕರಲ್ಲಿ ಹಲವರ ಮನೆಯ ಪೆಟ್ಟಿಗೆಯಲ್ಲಿ ತಂದೆಯವರು ಕಟ್ಟುತ್ತಿದ್ದ ಕೀಲಿ ಕೊಡುವ ಕೈಗಡಿಯಾರವೊಂದು ಇದ್ದೀತು. ಬಹುಶಃ ಬೆಂಗಳೂರಿನ ಎಚ್.ಎಂ.ಟಿ. ಕಾರ್ಖಾನೆಯಲ್ಲಿ ತಯಾರಾದದ್ದು. ಅದರ ಹಿಂಬದಿಯ ಮುಚ್ಚಳವನ್ನು ತೆಗೆದರೆ ಪುಟ್ಟ ಚಕ್ರವೊಂದು ಅತ್ತಿತ್ತ ತೂಗುವುದು ಕಾಣುತ್ತದೆ. ಇದು ಬ್ಯಾಲೆನ್ಸ್ ಚಕ್ರ. ಇದನ್ನು ಹಿಂದಕ್ಕೆಳೆಯುವ ಕೂದಲೆಳೆಯಂಥ ಸುರುಳಿಯೇ ಹೇರ್‌ಸ್ಪ್ರಿಂಗ್. ಈ ಸುರುಳಿಯ ಕೆಲಸವನ್ನು ಅಯಸ್ಕಾಂತಕ್ಕೆ ವಹಿಸಬಹುದೇ ಎಂಬುದೇ ಈ ಪಾಠದ ವಿಷಯ.

ಮೊದಲು ಸುರುಳಿಯ ಗುಣವನ್ನು ತಿಳಿಯೋಣ. ಹಾಲೆಂಡಿನ ವಿಜ್ಞಾನಿ ಕ್ರಿಸ್ಟಿಯಾನ್ ಹೈಗೆನ್ಸ್ 1675ರಲ್ಲಿ ಇದನ್ನು ಗಡಿಯಾರಕ್ಕೆ ಅಳವಡಿಸಿದನು. ಚಕ್ರ ಎರಡರಷ್ಟು ತಿರುಗಿದರೆ ಸುರುಳಿ ಎರಡರಷ್ಟು ಬಲದಿಂದ ಹಿಂದಕ್ಕೆಳೆಯುತ್ತದೆ. ಆದುದರಿಂದ ತೂಗಾಟ ಹಿರಿದಾಗಲಿ ಕಿರಿದಾಗಲಿ, ಹಿಡಿಯುವ ಕಾಲ ಒಂದೇ. ಕೀಲಿ ಸಡಿಲುತ್ತ ಬಂದರೂ ಗಡಿಯಾರ ದಾರಿ ತಪ್ಪದಿರುವ ಗುಟ್ಟು ಇದು.

ಆದರೆ ಸುರುಳಿಗೆ ಇಬ್ಬರು ಶತ್ರುಗಳುಂಟು. ಒಂದು, ಸೆಕೆ. ಸಾಮಾನ್ಯ ಉಕ್ಕಿನ ಸುರುಳಿ ಒಂದು ಡಿಗ್ರಿ ಬಿಸಿಯೇರಿದರೆ ಗಡಿಯಾರ ದಿನಕ್ಕೆ ಸುಮಾರು 10 ಸೆಕೆಂಡು ಹಿಂದೆ ಬೀಳುತ್ತದೆ. ನಿಕ್ಕಲ್ ಬೆರೆಸಿದ ಉಕ್ಕಿನಿಂದ ಈ ದೋಷವನ್ನು ನೀಗಿಸುವ ದಾರಿ ತೋರಿದ ಷಾರ್ಲ್ ಎದುವಾರ್ ಗಿಯೋಮ್‌ಗೆ 1920ರ ಭೌತಶಾಸ್ತ್ರದ ನೊಬೆಲ್ ಪಾರಿತೋಷಕ ಬಂದಿತು. ಎರಡನೆಯ ಶತ್ರು ಸ್ವತಃ ಅಯಸ್ಕಾಂತ. ಉಕ್ಕಿನ ಸುರುಳಿಗೆ ಅದರ ಗುಣ ಹತ್ತಿದರೆ ಸುತ್ತುಗಳು ಒಂದಕ್ಕೊಂದು ಅಂಟಿಕೊಂಡು ಗಡಿಯಾರ ಮುಂದೆ ಓಡುತ್ತದೆ.

ಆ ಶತ್ರುವನ್ನೇ ಸೇವಕನನ್ನಾಗಿ ಮಾಡಿಕೊಂಡರೆ? ಸ್ವಿಟ್ಜರ್ಲೆಂಡಿನ ಟ್ಯಾಗ್ ಹ್ಯೂಯರ್ ಕಂಪೆನಿ 2010ರಲ್ಲಿ ಇದನ್ನು ಮಾಡಿ ತೋರಿಸಿತು. ಪೆಂಡುಲಮ್ ಎಂಬ ಹೆಸರಿನ ಆ ಪ್ರಯೋಗದ ಗಡಿಯಾರದಲ್ಲಿ ಸುರುಳಿಯಿಲ್ಲ. ನಾಲ್ಕು ಅಯಸ್ಕಾಂತಗಳೇ ಚಕ್ರವನ್ನು ಹಿಂದಕ್ಕೆ ತರುತ್ತಿದ್ದವು. ನಮ್ಮ ಹಳೆಯ ಗಡಿಯಾರಗಳು ಸಾಮಾನ್ಯವಾಗಿ ಗಂಟೆಗೆ 18,000 ಬಾರಿ ತೂಗಿದರೆ, ಇದು 43,200 ಬಾರಿ.

ಹಾಗಾದರೆ ಸುರುಳಿಯ ಕಾಲ ಮುಗಿಯಿತೇ? ಇಲ್ಲ. ಕಾರಣಗಳನ್ನು ಲೆಕ್ಕ ಹಾಕಿಯೇ ನೋಡಬಹುದು.

ದಿಕ್ಸೂಚಿಯ ಮುಳ್ಳನ್ನು ನೆನೆಯಿರಿ. 90 ಡಿಗ್ರಿ ತಿರುಗಿಸಿದಾಗ ಅದನ್ನು ಹಿಂದಕ್ಕೆಳೆಯುವ ಬಲ ಗರಿಷ್ಠ. ಇನ್ನೂ ತಿರುಗಿಸಿದರೆ ಬಲ ಕುಗ್ಗುತ್ತದೆ. 180 ಡಿಗ್ರಿಯಲ್ಲಿ ಸೊನ್ನೆ! ಸುರುಳಿಯಲ್ಲಾದರೋ ಬಲ ಏರುತ್ತಲೇ ಹೋಗುತ್ತದೆ. ಆದುದರಿಂದ ಅಯಸ್ಕಾಂತಗಳ ಆಕಾರವನ್ನೂ ಜೋಡಣೆಯನ್ನೂ ತಿದ್ದಿ ತಿದ್ದಿ ಈ ವ್ಯತ್ಯಾಸವನ್ನು ಸರಿಪಡಿಸಬೇಕು.

ಎರಡನೆಯ ತೊಡಕು ಮತ್ತೆ ಸೆಕೆಯೇ. ನಿಯೋಡಿಮಿಯಮ್ ಅಯಸ್ಕಾಂತದ ಶಕ್ತಿ ಡಿಗ್ರಿಯೊಂದಕ್ಕೆ ಸುಮಾರು ಸಾವಿರದಲ್ಲಿ ಒಂದು ಪಾಲು ಇಳಿಯುತ್ತದೆ. ಹಿಂದಕ್ಕೆಳೆಯುವ ಬಲವೂ ಅಷ್ಟೇ ಇಳಿಯಿತೆನ್ನಿ. ತೂಗುವ ವೇಗ ಬಲದ ವರ್ಗಮೂಲವನ್ನು ಅನುಸರಿಸುವುದರಿಂದ ವೇಗ ಎರಡು ಸಾವಿರದಲ್ಲಿ ಒಂದು ಪಾಲು ಇಳಿಯುತ್ತದೆ. ದಿನಕ್ಕೆ 86,400 ಸೆಕೆಂಡುಗಳು. ಎರಡು ಸಾವಿರದಿಂದ ಭಾಗಿಸಿದರೆ 43. ಒಂದೇ ಡಿಗ್ರಿಗೆ ದಿನಕ್ಕೆ 43 ಸೆಕೆಂಡು ತಪ್ಪು! ಹಳೆಯ ಉಕ್ಕಿನ ಸುರುಳಿಯ ತಪ್ಪಿಗಿಂತ ಇದು ನಾಲ್ಕು ಪಟ್ಟು.

ಅಂದಮಾತ್ರಕ್ಕೆ ಈ ಪ್ರಯತ್ನ ವ್ಯರ್ಥವಲ್ಲ. ಸುರುಳಿಯ ಸೆಕೆಯ ದೋಷವನ್ನು ಗೆಲ್ಲಲು ಎರಡು ಶತಮಾನಗಳಿಗೂ ಮಿಕ್ಕ ಕಾಲ ಹಿಡಿಯಿತು. ಅಯಸ್ಕಾಂತದ ವಿದ್ಯೆ ಇನ್ನೂ ಎಳೆಯದು. ಆಸಕ್ತ ವಾಚಕರು ಒಂದು ಪುಟ್ಟ ಅಯಸ್ಕಾಂತದ ಪಟ್ಟಿಯನ್ನು ತೆಳ್ಳನೆಯ ನೂಲಿನಿಂದ ತೂಗುಹಾಕಿ, ಮೊದಲು ಸ್ವಲ್ಪ, ಅನಂತರ ಬಹಳ ತಿರುಗಿಸಿ ಬಿಡಲಿ. ಎರಡೂ ಸಲ ತೂಗಾಟದ ಕಾಲವನ್ನು ಎಣಿಸಿದರೆ ಮೇಲಿನ ಪಾಠ ತಾನಾಗಿಯೇ ಮನವರಿಕೆಯಾಗುವುದು.