ಹಳೆಯ ಕಾರಿಗೆ ಯಾವ ತೆರಿಗೆ, ಎಷ್ಟು ಶುಲ್ಕ?

ಹಳೆಯ ಕಾರಿನ ಮಾಲೀಕರು ಸರ್ಕಾರಕ್ಕೆ ಕಟ್ಟುವ ಹಣ ಮೂರು ಬಗೆಯದು: ಜೀವಿತಾವಧಿ ತೆರಿಗೆ, ಹಸಿರು ತೆರಿಗೆ ಮತ್ತು ನೋಂದಣಿ ನವೀಕರಣ ಶುಲ್ಕ. ಮೊದಲ ಎರಡು ರಾಜ್ಯದ ಕಾಯ್ದೆಯಿಂದ ಬಂದವು, ಮೂರನೆಯದು ಕೇಂದ್ರದ ನಿಯಮದಿಂದ ಬಂದದ್ದು. ಜನರ ಮಾತಿನಲ್ಲಿ ಮಾತ್ರ ಮೂರಕ್ಕೂ ‘ರೋಡ್ ಟ್ಯಾಕ್ಸ್’ ಎಂಬ ಒಂದೇ ಹೆಸರು. ಹಳೇ ಕಾರಿಗೆ ಟ್ಯಾಕ್ಸ್ ಏರಿಸಿದ್ದಾರಂತೆ ಎಂಬ ಸುದ್ದಿ ಬಹುಮಟ್ಟಿಗೆ ಹುಟ್ಟುವುದೇ ಈ ಗೊಂದಲದಿಂದ.

ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳಲ್ಲಿ ಮನೆಯಿಂದ ಬಸ್ಸಿನ ದಾರಿಗೆ ಹಲವು ಮೈಲಿ ನಡೆಯಬೇಕಾದ ಊರುಗಳು ಇನ್ನೂ ಇವೆ. ಅಲ್ಲಿ ಹದಿನೈದು ಇಪ್ಪತ್ತು ವರ್ಷದ ಓಮ್ನಿ, ಮಾರುತಿ 800 ಅಥವಾ ಜೀಪು ತೋಟಕ್ಕೆ ಗೊಬ್ಬರ ಒಯ್ಯುತ್ತದೆ, ಮಂಡಿಗೆ ಅಡಿಕೆ ಸಾಗಿಸುತ್ತದೆ, ಮಳೆಗಾಲದ ರಾತ್ರಿ ರೋಗಿಯನ್ನು ಆಸ್ಪತ್ರೆಗೆ ಮುಟ್ಟಿಸುತ್ತದೆ. ವದಂತಿಗೆ ಹೆದರಿ ಇಂಥ ವಾಹನವನ್ನು ಸಿಕ್ಕ ಬೆಲೆಗೆ ಕೊಟ್ಟುಬಿಟ್ಟರೆ ನಷ್ಟ ಇಡೀ ಮನೆಗೆ. ಆದ್ದರಿಂದ ಮೂರೂ ಹಣದ ಲೆಕ್ಕವನ್ನು ಬೇರೆಬೇರೆಯಾಗಿ ತಿಳಿದಿರುವುದು ಅಗತ್ಯ.

ಜೀವಿತಾವಧಿ ತೆರಿಗೆ

ವಾಹನಗಳ ಮೇಲೆ ತೆರಿಗೆ ಹಾಕುವ ಅಧಿಕಾರವನ್ನು ಸಂವಿಧಾನದ ಏಳನೇ ಅನುಸೂಚಿ ರಾಜ್ಯಗಳಿಗೆ ಕೊಟ್ಟಿದೆ. ಕರ್ನಾಟಕದಲ್ಲಿ ಈ ತೆರಿಗೆಗೆ ಆಧಾರ ಕರ್ನಾಟಕ ಮೋಟಾರು ವಾಹನ ತೆರಿಗೆ ಕಾಯ್ದೆ, 1957. ಖಾಸಗಿ ಕಾರಿಗೆ ಹೊಸದರಲ್ಲಿ, ನೋಂದಣಿಯ ಹೊತ್ತಿಗೇ ಜೀವಿತಾವಧಿ ತೆರಿಗೆಯನ್ನು ಒಂದೇ ಕಂತಿನಲ್ಲಿ ಕಟ್ಟಿಸಿಕೊಳ್ಳಲಾಗುತ್ತದೆ. ಪೆಟ್ರೋಲ್, ಡೀಸೆಲ್ ಕಾರುಗಳಿಗೆ ಬೆಲೆಯನ್ನು ನೋಡಿ ಶೇ 13ರಿಂದ ಶೇ 18ರವರೆಗೆ ದರ ಇದ್ದು, ಅದರ ಮೇಲೆ ಸೆಸ್ ಬೀಳುತ್ತದೆ. ಹದಿನೈದು ವರ್ಷ ತುಂಬಿ ನೋಂದಣಿ ನವೀಕರಿಸುವಾಗ ಈ ತೆರಿಗೆಯನ್ನು ಮತ್ತೆ ಕಟ್ಟಬೇಕಿಲ್ಲ. ಹೊಸ ಕಾರಿನ ದರ ಏರಿತು ಎಂಬ ಸುದ್ದಿ ನಿಜವೇ ಆಗಿದ್ದರೂ, ರಾಜ್ಯದಲ್ಲೇ ನೋಂದಣಿಯಾಗಿ ತೆರಿಗೆ ತೀರಿಸಿದ ಹಳೆಯ ಕಾರಿಗೆ ಅದು ತಟ್ಟುವುದಿಲ್ಲ.

ಹೊರರಾಜ್ಯದಿಂದ ತಂದ ಸೆಕೆಂಡ್ ಹ್ಯಾಂಡ್ ಕಾರಿನ ವಿಷಯ ಬೇರೆ. ಮೋಟಾರು ವಾಹನ ಕಾಯ್ದೆ, 1988ರ 47ನೇ ಕಲಮಿನ ಪ್ರಕಾರ ಬೇರೆ ರಾಜ್ಯದಲ್ಲಿ ನೋಂದಣಿಯಾದ ವಾಹನ ಇಲ್ಲಿ 12 ತಿಂಗಳು ಮೀರಿ ಉಳಿದರೆ ಇಲ್ಲಿಯ ನೋಂದಣಿ ಸಂಖ್ಯೆ ಪಡೆಯಬೇಕು. ಆಗ ಕರ್ನಾಟಕದ ಜೀವಿತಾವಧಿ ತೆರಿಗೆ ಕಟ್ಟಬೇಕಾಗುತ್ತದೆ. ಕಾರಿಗೆ ವಯಸ್ಸಾದಷ್ಟೂ ಈ ಮೊತ್ತ ಇಳಿಯುತ್ತದೆ. ಕಾರು ಅಗ್ಗವಾಗಿ ಸಿಕ್ಕಿತೆಂದು ಕೊಳ್ಳುವವರು ಮೊದಲ ರಾಜ್ಯದ ನಿರಾಕ್ಷೇಪಣಾ ಪತ್ರ (ಎನ್‌ಒಸಿ) ಇದೆಯೇ, ಇಲ್ಲಿ ಕಟ್ಟಬೇಕಾದ ತೆರಿಗೆ ಎಷ್ಟು ಎಂಬುದನ್ನು ಮುಂಗಡ ಕೊಡುವ ಮೊದಲೇ ಕೇಳಿ ತಿಳಿಯಬೇಕು.

ಹಸಿರು ತೆರಿಗೆ

ಹಳೆಯ ವಾಹನಗಳ ಹೊಗೆಯಿಂದಾಗುವ ಮಾಲಿನ್ಯವನ್ನು ಗಮನದಲ್ಲಿಟ್ಟು ರಾಜ್ಯ ವಿಧಿಸಿದ ತೆರಿಗೆ ಇದು. ಹದಿನೈದು ವರ್ಷ ದಾಟಿದ ಖಾಸಗಿ ವಾಹನಕ್ಕೆ ನೋಂದಣಿ ನವೀಕರಣದ ಸಮಯದಲ್ಲಿ, ಐದು ವರ್ಷದ ಅವಧಿಗೆ ಇದನ್ನು ವಸೂಲು ಮಾಡುತ್ತಾರೆ. ದ್ವಿಚಕ್ರ ವಾಹನಕ್ಕೆ ₹250, ಕಾರಿಗೆ ₹500 ಎಂಬುದು ಬಹುಕಾಲದಿಂದ ನಡೆದುಬಂದ ದರ. ವಯಸ್ಸಿನ ಕಾರಣಕ್ಕೇ ಖಾಸಗಿ ಕಾರಿನ ಮೇಲೆ ಬೀಳುವ ರಾಜ್ಯದ ತೆರಿಗೆ ಇದೊಂದೇ.

ನವೀಕರಣ ಶುಲ್ಕ

ನಿಜವಾಗಿ ದೊಡ್ಡ ಏರಿಕೆ ಆಗಿರುವುದು ಇಲ್ಲಿ. ಖಾಸಗಿ ಕಾರಿನ ನೋಂದಣಿ ಪತ್ರ (ಆರ್‌ಸಿ) 15 ವರ್ಷ ಚಾಲ್ತಿಯಲ್ಲಿರುತ್ತದೆ; ಆಮೇಲೆ ಐದೈದು ವರ್ಷಕ್ಕೊಮ್ಮೆ ನವೀಕರಿಸಬೇಕು. ಇದರ ಶುಲ್ಕವನ್ನು ನಿಗದಿಪಡಿಸುವುದು ಕೇಂದ್ರ ಮೋಟಾರು ವಾಹನ ನಿಯಮಗಳು, 1989. ಕಾರಿಗೆ ₹600 ಇದ್ದ ಶುಲ್ಕ 2022ರ ಏಪ್ರಿಲ್ 1ರಿಂದ ₹5,000 ಆಯಿತು. ದ್ವಿಚಕ್ರ ವಾಹನಕ್ಕೆ ₹1,000 ಆಯಿತು. 2025ರ ಆಗಸ್ಟ್‌ನಲ್ಲಿ ಹೊರಟ ತಿದ್ದುಪಡಿ 20 ವರ್ಷ ಮೀರಿದ ವಾಹನಗಳಿಗೆ ಈ ಶುಲ್ಕವನ್ನು ಇಮ್ಮಡಿಗೊಳಿಸಿ, ಕಾರಿಗೆ ₹10,000, ದ್ವಿಚಕ್ರ ವಾಹನಕ್ಕೆ ₹2,000 ಎಂದು ನಿಗದಿ ಮಾಡಿತು.

ಒಂದು ಲೆಕ್ಕ ನೋಡಬಹುದು. 2005ರ ನವೆಂಬರ್‌ನಲ್ಲಿ ನೋಂದಣಿಯಾದ ಕಾರನ್ನು 2020ರಲ್ಲಿ ನವೀಕರಿಸಿದಾಗ ಶುಲ್ಕ ₹600. ಅದೇ ಕಾರು 20 ವರ್ಷ ದಾಟಿ ಮತ್ತೆ ನವೀಕರಣಕ್ಕೆ ಬಂದಾಗ ಶುಲ್ಕ ₹10,000, ಹಸಿರು ತೆರಿಗೆ ಬೇರೆ. ಹದಿನಾರು ಪಟ್ಟು ಮೀರಿದ ಈ ಏರಿಕೆಯನ್ನು ಕಂಡವರು ರೋಡ್ ಟ್ಯಾಕ್ಸ್ ಏರಿತು ಎಂದರೆ ಆಶ್ಚರ್ಯವಿಲ್ಲ. ಆದರೆ ಏರಿದ್ದು ರಾಜ್ಯದ ತೆರಿಗೆಯಲ್ಲ, ಕೇಂದ್ರದ ಶುಲ್ಕ. ಕಟ್ಟಬೇಕಾದದ್ದು ವರ್ಷವರ್ಷವೂ ಅಲ್ಲ, ಐದು ವರ್ಷಕ್ಕೊಮ್ಮೆ.

ಹದಿನೈದು ವರ್ಷದ ಕಾರು ಗುಜರಿಗೇ?

ಹದಿನೈದು ವರ್ಷ ಆದ ಎಲ್ಲ ವಾಹನಗಳನ್ನೂ ಗುಜರಿಗೆ ಹಾಕಬೇಕಂತೆ ಎಂಬುದು ಇನ್ನೊಂದು ಸುದ್ದಿ. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ನಿಯಮದಂತೆ ಹದಿನೈದು ವರ್ಷ ತುಂಬಿದ ಮೇಲೆ ನೋಂದಣಿ ಮುಂದುವರಿಯದಿರುವುದು ಸರ್ಕಾರಿ ವಾಹನಗಳದು ಮಾತ್ರ. ದೆಹಲಿಯ ರಾಜಧಾನಿ ವಲಯದಲ್ಲಿ 10 ವರ್ಷದ ಡೀಸೆಲ್, 15 ವರ್ಷದ ಪೆಟ್ರೋಲ್ ವಾಹನಗಳ ಮೇಲಿನ ನಿರ್ಬಂಧ ಅಲ್ಲಿನ ವಾಯುಮಾಲಿನ್ಯದ ಕಾರಣಕ್ಕೆ ಬಂದದ್ದು. ಮಲೆನಾಡಿಗೆ ಅದು ಅನ್ವಯಿಸದು. ತಪಾಸಣೆಯಲ್ಲಿ ತೇರ್ಗಡೆಯಾಗಿ ನವೀಕರಣಗೊಂಡ ಖಾಸಗಿ ಕಾರನ್ನು ಇಲ್ಲಿ ಓಡಿಸಲು ಯಾವ ಅಡ್ಡಿಯೂ ಇಲ್ಲ. ಮಾಲೀಕರೇ ಇಷ್ಟಪಟ್ಟು ನೋಂದಾಯಿತ ಗುಜರಿ ಕೇಂದ್ರಕ್ಕೆ ಕಾರು ಒಪ್ಪಿಸಿದರೆ ಠೇವಣಿ ಪ್ರಮಾಣಪತ್ರ ಸಿಗುತ್ತದೆ. ಅದನ್ನು ತೋರಿಸಿ ಕೊಳ್ಳುವ ಹೊಸ ಖಾಸಗಿ ವಾಹನದ ತೆರಿಗೆಯಲ್ಲಿ ಶೇ 25ರವರೆಗೆ ರಿಯಾಯಿತಿ ಕೊಡಲು ಕೇಂದ್ರದ ನಿಯಮ ಅವಕಾಶ ಮಾಡಿದೆ.

ತೆರಿಗೆ ಏರುವುದು ಹೇಗೆ

ಕಾನೂನಿನ ಅಧಿಕಾರವಿಲ್ಲದೆ ಯಾವ ತೆರಿಗೆಯನ್ನೂ ವಿಧಿಸುವಂತಿಲ್ಲ, ವಸೂಲು ಮಾಡುವಂತಿಲ್ಲ ಎಂಬುದು ಸಂವಿಧಾನದ 265ನೇ ವಿಧಿ. ರಾಜ್ಯ ವಾಹನ ತೆರಿಗೆಯ ದರ ಏರಿಸಬೇಕಾದರೆ 1957ರ ಕಾಯ್ದೆಗೆ ತಿದ್ದುಪಡಿ ಆಗಬೇಕು: ವಿಧಾನಮಂಡಲ ಮಸೂದೆಯನ್ನು ಒಪ್ಪಬೇಕು, ರಾಜ್ಯಪಾಲರ ಅಂಕಿತ ಬೀಳಬೇಕು, ರಾಜ್ಯಪತ್ರದಲ್ಲಿ ಪ್ರಕಟವಾಗಬೇಕು. 2024ರ ಡಿಸೆಂಬರ್‌ನ ಬೆಳಗಾವಿ ಅಧಿವೇಶನದಲ್ಲಿ ಒಪ್ಪಿಗೆ ಪಡೆದ ತಿದ್ದುಪಡಿ ಇದಕ್ಕೆ ಒಳ್ಳೆಯ ಉದಾಹರಣೆ. ಸಾರಿಗೆ ಕಾರ್ಮಿಕರ ಕಲ್ಯಾಣಕ್ಕಾಗಿ ದ್ವಿಚಕ್ರ ವಾಹನಕ್ಕೆ ₹500, ಕಾರಿಗೆ ₹1,000 ಹೆಚ್ಚುವರಿ ಸೆಸ್ ಬಂದದ್ದು ಈ ದಾರಿಯಲ್ಲಿ. ಅದು ಹೊಸ ವಾಹನಗಳ ನೋಂದಣಿಗೆ ಸಂಬಂಧಿಸಿದ್ದು. ಬಜೆಟ್ ಭಾಷಣದಲ್ಲಿ ಬಂದ ಪ್ರಸ್ತಾಪ, ಸಚಿವರ ಹೇಳಿಕೆ, ಪತ್ರಿಕೆಯ ಸುದ್ದಿ ಇವು ಯಾವುವೂ ತಾವಾಗಿ ಕಾನೂನಾಗುವುದಿಲ್ಲ.

ಕೇಂದ್ರದ ಶುಲ್ಕ ಬದಲಾಗುವ ದಾರಿ ಬೇರೆ. ಮೋಟಾರು ವಾಹನ ಕಾಯ್ದೆಯ 212ನೇ ಕಲಮಿನಂತೆ ನಿಯಮವನ್ನು ಮೊದಲು ಕರಡಾಗಿ ಪ್ರಕಟಿಸಬೇಕು. ಕರಡಿನ ಬಗ್ಗೆ ನಿಗದಿತ ಅವಧಿಯೊಳಗೆ ಆಕ್ಷೇಪಣೆ, ಸಲಹೆ ಸಲ್ಲಿಸುವ ಹಕ್ಕು ಎಲ್ಲರಿಗೂ ಇದೆ. ರೈತ ಸಂಘವಾಗಲಿ ವಾಹನ ಮಾಲೀಕರಾಗಲಿ ದನಿ ಎತ್ತಲು ಸರಿಯಾದ ಕಾಲ ಅದೇ.

ಆದ್ದರಿಂದ ಸುದ್ದಿ ಕಿವಿಗೆ ಬಿದ್ದಾಗ ನಾಲ್ಕು ಪ್ರಶ್ನೆ ಸಾಕು. ಹೇಳುತ್ತಿರುವುದು ತೆರಿಗೆಯೋ ಶುಲ್ಕವೋ? ಅಧಿಸೂಚನೆಯ ಸಂಖ್ಯೆ, ದಿನಾಂಕ ಯಾವುದು? ಅದು ಕರಡೋ ಅಂತಿಮವೋ? ಯಾವ ವಾಹನಕ್ಕೆ, ಯಾವ ದಿನದಿಂದ ಅನ್ವಯ? ಇವಕ್ಕೆ ಉತ್ತರ ರಾಜ್ಯಪತ್ರದಲ್ಲಿ, ಸಾರಿಗೆ ಇಲಾಖೆಯ ಜಾಲತಾಣದಲ್ಲಿ ಮತ್ತು ಕೇಂದ್ರದ ಪರಿವಾಹನ್ ತಾಣದಲ್ಲಿ ಸಿಗುತ್ತದೆ.

ನವೀಕರಣದ ಕ್ರಮ

ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಬಹುತೇಕ ಕಾರುಗಳ ಫಲಕದ ಮೇಲೆ ಶಿವಮೊಗ್ಗದ ಕೆಎ 14 ಅಥವಾ ಸಾಗರದ ಕೆಎ 15 ಇರುತ್ತದೆ. ಆರ್‌ಸಿ ಅವಧಿ ಮುಗಿಯುವ 60 ದಿನ ಮೊದಲಿನಿಂದ ನಮೂನೆ 25ರಲ್ಲಿ ಅರ್ಜಿ ಹಾಕಬಹುದು. ಜೊತೆಗೆ ಆರ್‌ಸಿ, ಚಾಲ್ತಿಯಲ್ಲಿರುವ ವಿಮೆ, ಎಮಿಷನ್ ಪ್ರಮಾಣಪತ್ರ, ತೆರಿಗೆ ಕಟ್ಟಿದ ದಾಖಲೆ, ವಿಳಾಸದ ದಾಖಲೆ ಬೇಕು. ಹಣವನ್ನು ಪರಿವಾಹನ್ ತಾಣದಲ್ಲೇ ಕಟ್ಟಿ ರಸೀದಿ ಇಟ್ಟುಕೊಳ್ಳಬೇಕು. ಕಾರನ್ನು ಕಚೇರಿಗೆ ಒಯ್ದು ಮೋಟಾರು ವಾಹನ ನಿರೀಕ್ಷಕರ ತಪಾಸಣೆಗೆ ಒಡ್ಡಬೇಕಾಗುತ್ತದೆ. ದೀಪ, ಬ್ರೇಕು, ಟೈರುಗಳನ್ನು ಮೊದಲೇ ಸರಿಪಡಿಸಿಕೊಂಡರೆ ದೂರದ ಊರಿನವರಿಗೆ ಎರಡನೇ ಓಡಾಟ ತಪ್ಪುತ್ತದೆ.

ತಡ ಮಾಡಿದರೆ ಕಾರಿಗೆ ತಿಂಗಳಿಗೆ ₹500ರಂತೆ ಹೆಚ್ಚುವರಿ ಶುಲ್ಕ ಬೆಳೆಯುತ್ತದೆ. ನೋಂದಣಿ ಇಲ್ಲದೆ ವಾಹನ ಓಡಿಸಿದರೆ ಮೊದಲ ಸಲ ₹5,000ರವರೆಗೆ ದಂಡ ಬೀಳಬಹುದು. ಇದಕ್ಕಿಂತ ದೊಡ್ಡ ಅಪಾಯ ವಿಮೆಯದು. ತಾತ್ಕಾಲಿಕ ನೋಂದಣಿಯ ಅವಧಿ ಮುಗಿದಿದ್ದ ಕಾರಿನ ವಿಮಾ ಪರಿಹಾರವನ್ನು ಕಂಪನಿ ನಿರಾಕರಿಸಿದ್ದು ಸರಿ ಎಂದು ಸುಪ್ರೀಂ ಕೋರ್ಟ್ 2021ರಲ್ಲಿ ತೀರ್ಪು ಕೊಟ್ಟಿದೆ.

ಹೆಚ್ಚು ಹಣ ಕೇಳಿದರೆ

ಕೇಳಿದ ಮೊತ್ತಕ್ಕೆ ಕಾನೂನಿನ ಆಧಾರ ಯಾವುದೆಂದು ಲಿಖಿತವಾಗಿ ಕೇಳುವುದು ಮೊದಲ ಹೆಜ್ಜೆ. ರಸೀದಿ ಇಲ್ಲದ ಹಣವನ್ನು ಯಾರಿಗೂ ಕೊಡಬೇಕಿಲ್ಲ. ನವೀಕರಣ ನಿರಾಕರಿಸಿದ ಆದೇಶ ಬಂದರೆ ಮೋಟಾರು ವಾಹನ ಕಾಯ್ದೆಯ 57ನೇ ಕಲಮಿನಡಿ 30 ದಿನದೊಳಗೆ ಮೇಲ್ಮನವಿ ಸಲ್ಲಿಸಬಹುದು. ಸಕಾಲ ಕಾಯ್ದೆ, 2011ರ ಪಟ್ಟಿಯಲ್ಲಿರುವ ಸೇವೆಗೆ ಅರ್ಜಿ ಹಾಕಿದವರಿಗೆ ಸಕಾಲ ಸಂಖ್ಯೆಯಿರುವ ಸ್ವೀಕೃತಿ ಕೊಡಬೇಕು. ನಿಗದಿತ ದಿನ ಮೀರಿದರೆ ದಿನಕ್ಕೆ ₹20ರಂತೆ, ₹500 ಮೀರದಂತೆ ಪರಿಹಾರ ಕೇಳಬಹುದು.

ದರದ ಆದೇಶದ ಪ್ರತಿ ಬೇಕಾದವರಿಗೆ ಮಾಹಿತಿ ಹಕ್ಕು ಕಾಯ್ದೆ, 2005 ನೆರವಿಗಿದೆ. ಅರ್ಜಿ ಶುಲ್ಕ ₹10. ಬಡತನ ರೇಖೆಗಿಂತ ಕೆಳಗಿರುವವರಿಗೆ ಅದೂ ಇಲ್ಲ. ರಾಜ್ಯದ ನಿಯಮದಂತೆ ಅರ್ಜಿ ಒಂದೇ ವಿಷಯದ ಮೇಲೆ, 150 ಪದದೊಳಗೆ ಇರಬೇಕು. ಉತ್ತರಕ್ಕೆ 30 ದಿನದ ಗಡುವು. ಉತ್ತರ ಬಾರದಿದ್ದರೆ ಮೊದಲ ಮೇಲ್ಮನವಿ, ಆಮೇಲೆ 90 ದಿನದೊಳಗೆ ಕರ್ನಾಟಕ ಮಾಹಿತಿ ಆಯೋಗಕ್ಕೆ ಎರಡನೇ ಮೇಲ್ಮನವಿ. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಆದಾಯ ಮಿತಿಯೊಳಗಿನವರು ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಉಚಿತ ನೆರವು ಪಡೆಯಬಹುದು. ಸಹಾಯವಾಣಿ 15100.

ವದಂತಿಯ ಬೆನ್ನಲ್ಲೇ ವಂಚನೆಯೂ ಬರುತ್ತದೆ. ಇಲಾಖೆಯ ಹೆಸರಿನಲ್ಲಿ ವಾಟ್ಸ್ಆ್ಯಪ್‌ಗೆ ಎಪಿಕೆ ಕಡತ ಕಳಿಸಿ, ತೆರೆದವರ ಬ್ಯಾಂಕ್ ಖಾತೆಯಿಂದ ಹಣ ದೋಚುವ ಜಾಲಗಳಿವೆ. ಸಾರಿಗೆ ಇಲಾಖೆ ಇಂಥ ಕಡತದ ಮೂಲಕ ತೆರಿಗೆ ವಸೂಲು ಮಾಡುವುದಿಲ್ಲ. ಅದನ್ನು ತೆರೆಯದೆ ಅಳಿಸಬೇಕು. ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ ದೂರು ದಾಖಲಿಸಬೇಕು.