ಬಾಂಡ್ ಮೇಲೆ ಸಹಿ ಹಾಕುವ ಮುನ್ನ: ಬೇರೆಯಾಗುವ ದಂಪತಿಗೆ ಎಂಟು ಸೂತ್ರಗಳು

ತೆಂಗಳಿ, ಸೇಡಂ, ಚಿತ್ತಾಪುರ, ಚಿಂಚೋಳಿ ಕಡೆ ಸಂಸಾರ ಮುರಿಯುವ ಹಂತಕ್ಕೆ ಬಂದರೆ ಕೋರ್ಟಿಗಿಂತ ಮೊದಲು ಹಿರಿಯರು ಸೇರುತ್ತಾರೆ. ಮಾತು ಮುಗಿದ ಮೇಲೆ ಒಂದು ಬಾಂಡ್ ತರಿಸಿ, ‘ಇಂದಿನಿಂದ ಒಬ್ಬರಿಗೊಬ್ಬರು ಸಂಬಂಧವಿಲ್ಲ’ ಎಂದು ಬರೆಸಿ, ಪಂಚರ ಸಹಿ ಹಾಕಿಸುತ್ತಾರೆ. ಹಿರಿಯರು ಕೂತು ಮಾತಾಡುವುದು ಒಳ್ಳೆಯದೇ, ಅದರಿಂದ ಎಷ್ಟೋ ಹೊಡೆದಾಟ ತಪ್ಪಿದೆ. ಆದರೆ ಆ ಹಾಳೆಯಲ್ಲಿ ಏನು ಬರೆಯಬೇಕು, ಅದನ್ನು ಎಲ್ಲಿಗೆ ಒಯ್ಯಬೇಕು ಎಂಬುದು ಗೊತ್ತಿರದೆ ಹೆಣ್ಣುಮಕ್ಕಳೂ ಗಂಡಸರೂ ವರ್ಷಗಟ್ಟಲೆ ಅಲೆದಾಡುತ್ತಾರೆ.

1. ಬಾಂಡ್ ಬರೆದರೆ ವಿಚ್ಛೇದನ ಆಗುವುದಿಲ್ಲ. 1955ರ ಹಿಂದೂ ವಿವಾಹ ಕಾಯ್ದೆಯಡಿ ಮದುವೆ ಮುರಿಯುವುದು ಕೋರ್ಟಿನ ಡಿಕ್ರಿಯಿಂದ. ‘ನಮ್ಮ ಜಾತಿಯಲ್ಲಿ ಬಿಡುಗಡೆ ಪದ್ಧತಿ ಇದೆ’ ಎನ್ನುವವರಿಗೆ ಕಾಯ್ದೆಯ 29ನೇ ಕಲಂ ಅವಕಾಶ ಕೊಟ್ಟಿದೆ ನಿಜ. ಆದರೆ ಆ ಪದ್ಧತಿಯನ್ನು ಸಾಕ್ಷಿ ಸಮೇತ ಸಾಬೀತು ಮಾಡಲೇಬೇಕೆಂದು ಸುಪ್ರೀಂ ಕೋರ್ಟ್ 2002ರಲ್ಲಿ ಹೇಳಿದೆ. ಬರೀ ಬಾಂಡ್ ನಂಬಿ ಮರುಮದುವೆಯಾದರೆ ಅದು ಸಿಂಧುವಲ್ಲ, ಮೇಲಾಗಿ ಅಪರಾಧ. ಮುಸ್ಲಿಂ ದಂಪತಿಗೆ ಪರಸ್ಪರ ಒಪ್ಪಿಗೆಯ ಮುಬಾರಾತ್ ಎಂಬ ಬೇರೆ ದಾರಿ ಇದೆ. ಅಲ್ಲಿಯೂ ಕೊಡುವ-ಕೊಳ್ಳುವ ಮಾತು ಬರವಣಿಗೆಯಲ್ಲಿರಲಿ.

2. ಬೇರೆಯಾದ ದಿನವನ್ನು ಬರೆಯಿರಿ. ಹಿಂದೂ ವಿವಾಹ ಕಾಯ್ದೆಯ 13ಬಿ ಕಲಂ ಪ್ರಕಾರ ಇಬ್ಬರೂ ಒಪ್ಪಿ ಅರ್ಜಿ ಹಾಕಬೇಕಾದರೆ ಕನಿಷ್ಠ ಒಂದು ವರ್ಷ ಬೇರೆ ಬಾಳಿರಬೇಕು. ಒಂದೇ ಮನೆಯಲ್ಲಿದ್ದರೂ ಗಂಡ-ಹೆಂಡತಿಯಾಗಿ ಬಾಳದಿದ್ದರೆ ಅದೂ ಲೆಕ್ಕಕ್ಕೆ ಬರುತ್ತದೆ. ಅರ್ಜಿ ಹಾಕಿದ ಮೇಲೆ ಮತ್ತೆ ಆರು ತಿಂಗಳು ಕಾಯಬೇಕು. ಬೇರೆಯಾಗಿ ಒಂದೂವರೆ ವರ್ಷ ಕಳೆದಿದ್ದು, ಜೀವನಾಂಶ, ಮಕ್ಕಳು ಎಲ್ಲವೂ ಬಗೆಹರಿದಿದ್ದರೆ ಆ ಆರು ತಿಂಗಳನ್ನು ಕೋರ್ಟ್ ಮನ್ನಾ ಮಾಡಬಹುದೆಂದು 2017ರಲ್ಲಿ ತೀರ್ಪಾಗಿದೆ. ಅಚ್ಚುಕಟ್ಟಾದ ಒಪ್ಪಂದದಿಂದ ಆಗುವ ಮೊದಲ ಲಾಭ ಇದೇ.

3. ‘ಮುಂದೆ ಏನೂ ಕೇಳುವುದಿಲ್ಲ’ ಎಂಬ ಸಾಲನ್ನು ನೆಚ್ಚಬೇಡಿ. ಇದಕ್ಕೆ ನಮ್ಮ ಕಲಬುರಗಿಯದೇ ಪ್ರಕರಣವಿದೆ. 1990ರ ದಶಕದಲ್ಲಿ ಜೀವನಾಂಶ ಕೇಳಿ ಕೋರ್ಟಿಗೆ ಹೋದ ಹೆಣ್ಣುಮಗಳೊಬ್ಬಳು ರಾಜಿಯಾಗಿ, 8,000 ರೂಪಾಯಿ ಇಡಿಗಂಟು ಪಡೆದು, ಇನ್ನು ಮುಂದೆ ಏನೂ ಕೇಳುವುದಿಲ್ಲವೆಂದು ಒಪ್ಪಿದಳು. ಕೋರ್ಟೂ ಆ ರಾಜಿಯನ್ನು ದಾಖಲಿಸಿಕೊಂಡಿತು. ಎಂಟು ಸಾವಿರ ಎಷ್ಟು ದಿನ ಬಂದೀತು? ವರ್ಷಗಳ ನಂತರ ಆಕೆ ಕಲಬುರಗಿಯ ಕೌಟುಂಬಿಕ ನ್ಯಾಯಾಲಯದಲ್ಲಿ ಮತ್ತೆ ದಾವೆ ಹೂಡಿದಳು. ತಿಂಗಳಿಗೆ 2,000 ರೂಪಾಯಿ ಕೊಡಬೇಕೆಂದು ಆದೇಶವಾಯಿತು. ಗಂಡ ಹೈಕೋರ್ಟಿಗೆ ಹೋದ, ಸುಪ್ರೀಂ ಕೋರ್ಟಿಗೂ ಹೋದ. 2013ರಲ್ಲಿ ಸುಪ್ರೀಂ ಕೋರ್ಟ್ ಆಕೆಯ ಪರ ನಿಂತಿತು: ಜೀವನಾಂಶದ ಹಕ್ಕನ್ನು ಶಾಶ್ವತವಾಗಿ ಬಿಡಿಸಿಕೊಳ್ಳುವ ಒಪ್ಪಂದ ಸಾರ್ವಜನಿಕ ನೀತಿಗೆ ವಿರುದ್ಧ. ಇಡಿಗಂಟು ಕೊಡಲೇಬಾರದು ಎಂದು ಇದರ ಅರ್ಥವಲ್ಲ. ಆಕೆಯ ವಯಸ್ಸು, ದುಡಿಮೆ, ಮನೆಬಾಡಿಗೆ, ಔಷಧಿ ಖರ್ಚು ನೋಡಿ ನ್ಯಾಯವಾದ ಮೊತ್ತ ಕೊಡಿ. ಕೈಗೆ ಚೂರು ಹಣ ಇಟ್ಟು ಬಾಯಿ ಮುಚ್ಚಿಸಿದರೆ ಅದು ನಿಲ್ಲುವುದಿಲ್ಲ, ನಿಲ್ಲಲೂಬಾರದು.

4. ‘ತೊಗರಿ ರಾಶಿ ಆದ ಮೇಲೆ ಕೊಡ್ತೀನಿ’ ಎಂಬುದು ವಾಯಿದೆಯಲ್ಲ. ಮಳೆ ಕೈಕೊಡುತ್ತದೆ, ದರ ಬೀಳುತ್ತದೆ. ತಾರೀಖು ಹಾಕಿ, ಕಂತು ಹಾಕಿ. ವಾಡಿ, ಸೇಡಂನ ಸಿಮೆಂಟ್ ಕಾರ್ಖಾನೆಯಲ್ಲಿ ಪಗಾರ ಇರುವವರಿಗೆ ತಿಂಗಳ ಕಂತು ಸರಿ. ಶಹಾಬಾದಿನ ಕಲ್ಲುಗಣಿಯ ದಿನಗೂಲಿಯವರಿಗೆ ಸಣ್ಣ ಕಂತೇ ಸರಿ, ಕೊಡಲಾಗದ ಮೊತ್ತ ಬರೆದರೆ ಇಬ್ಬರಿಗೂ ಕಷ್ಟ. ಡಿಕ್ರಿಯ ತನಕ ಯಾರು ಬೇಕಾದರೂ ಒಪ್ಪಿಗೆ ಹಿಂದಕ್ಕೆ ಪಡೆಯಬಹುದು. ಹಾಗಾಗಿ ಅರ್ಜಿಯ ದಿನ ಒಂದು ಭಾಗ, ಡಿಕ್ರಿಯ ದಿನ ಉಳಿದದ್ದು, ಎರಡನ್ನೂ ಡಿಡಿ ಅಥವಾ ಬ್ಯಾಂಕ್ ಖಾತೆಯ ಮೂಲಕವೇ ಕೊಡಿ.

5. ಬಂಗಾರ, ಬಾಂಡೆ ಸಾಮಾನು ಪಟ್ಟಿ ಮಾಡಿ. ‘ತವರಿನ ಸಾಮಾನೆಲ್ಲ ವಾಪಸ್’ ಎಂದು ಬರೆದರೆ ಸಾಲದು. ಬೋರಮಾಳ ಎಷ್ಟು ತೊಲಿ, ಬಿಲ್ವಾರ ಎಷ್ಟು, ತಿಜೋರಿ, ಮಂಚ, ಹಿತ್ತಾಳೆ ಕೊಡ ಎಷ್ಟು ಎಂದು ಒಂದೊಂದಾಗಿ ಬರೆದು, ಒಪ್ಪಿಸಿದ ದಿನ ಅದರ ಮುಂದೆಯೇ ಸಹಿ ಹಾಕಿಸಿ. ಬಂಗಾರ ಅಡವಿಟ್ಟಿದ್ದರೆ ಬಿಡಿಸಿ ಕೊಡುವವರು ಯಾರು ಎಂಬುದೂ ಇರಲಿ. ಸ್ತ್ರೀಧನ ಹೆಂಡತಿಯದೇ ಸ್ವಂತ ಆಸ್ತಿ ಎಂದು ಸುಪ್ರೀಂ ಕೋರ್ಟ್ 1985ರಲ್ಲೇ ಹೇಳಿದೆ.

6. ಮಕ್ಕಳ ಪಾಲನ್ನು ಚೌಕಾಶಿಗೆ ಇಡಬೇಡಿ. ಮಕ್ಕಳ ಖರ್ಚು ಮಕ್ಕಳ ಹಕ್ಕು, ತಾಯಿ ಬೇಡವೆಂದರೂ ಅದು ಹೋಗುವುದಿಲ್ಲ. ಐದು ವರ್ಷದೊಳಗಿನ ಕೂಸು ಸಾಮಾನ್ಯವಾಗಿ ತಾಯಿಯ ಬಳಿಯೇ. ಅಪ್ಪ ಯಾವ ವಾರ ನೋಡಲು ಬರಬೇಕು, ಬ್ಯಾಸಗಿ ಸೂಟಿಯಲ್ಲಿ ಎಲ್ಲಿ, ಶಾಲೆ ಫೀ ಯಾರದು ಎಂದು ಬಿಡಿಸಿ ಬರೆಯಿರಿ. ನಮ್ಮ ಭಾಗದಲ್ಲಿ ಮರೆಯಬಾರದ ಇನ್ನೊಂದು ಮಾತು: ಕಲ್ಯಾಣ ಕರ್ನಾಟಕದ ಮೀಸಲಾತಿಗೆ ಬೇಕಾದ 371ಜೆ ಅರ್ಹತಾ ಪ್ರಮಾಣಪತ್ರ, ಜಾತಿ-ಆದಾಯ ಪತ್ರಕ್ಕೆ ತಂದೆ-ತಾಯಿಯ ದಾಖಲೆ ಬೇಕಾಗುತ್ತದೆ. ಕೇಳಿದಾಗ ದಾಖಲೆ ಕೊಡುತ್ತೇನೆ, ಸಹಿ ಹಾಕುತ್ತೇನೆ ಎಂಬ ಸಾಲು ಇರಲೇಬೇಕು. ಅಪ್ಪ-ಅವ್ವನ ಸಿಟ್ಟಿಗೆ ಮಗುವಿನ ಸೀಟು ತಪ್ಪುವುದು ಘೋರ ಅನ್ಯಾಯ.

7. ಹೊಲ, ಮನೆ ಕೊಡುವುದಿದ್ದರೆ ಸರ್ವೆ ನಂಬರ್, ಎಕರೆ-ಗುಂಟೆ ನಮೂದಿಸಿ. ನೋಂದಣಿಯಾಗದ ಹಾಳೆಯಿಂದ ಪಹಣಿಯಲ್ಲಿ ಹೆಸರು ಬದಲಾಗದು. ಬಾಕಿ ಇರುವ ಕೇಸುಗಳನ್ನೂ ನಂಬರ್ ಸಮೇತ ಬರೆಯಿರಿ. ವರದಕ್ಷಿಣೆ ಕಿರುಕುಳದ ಕೇಸು ಠಾಣೆಯಲ್ಲಿ ‘ವಾಪಸ್’ ಎಂದರೆ ಮುಗಿಯುವುದಿಲ್ಲ. ರಾಜಿಯ ಆಧಾರದ ಮೇಲೆ ಹೈಕೋರ್ಟಿನ ಕಲಬುರಗಿ ಪೀಠದಲ್ಲಿ ರದ್ದು ಕೋರಬೇಕು. ಆ ಖರ್ಚು ಯಾರದೆಂದು ಮೊದಲೇ ತೀರ್ಮಾನಿಸಿ.

8. ಇಬ್ಬರಿಗೂ ಒಬ್ಬರೇ ವಕೀಲರು ಬೇಡ. ಮಹಿಳೆಯರಿಗೆ, ಪರಿಶಿಷ್ಟ ಜಾತಿ-ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವು ಸಿಗುತ್ತದೆ. ತಾಲೂಕು ಕೋರ್ಟಿನ ಆವರಣದಲ್ಲೇ ಕಾನೂನು ಸೇವಾ ಸಮಿತಿಯನ್ನು ವಿಚಾರಿಸಿ, ಇಲ್ಲವೇ 15100ಕ್ಕೆ ಫೋನ್ ಮಾಡಿ. ಹೆಂಡತಿ ಈಗ ಇರುವ ಊರಿನ ವ್ಯಾಪ್ತಿಯ ಕೋರ್ಟಿನಲ್ಲಿಯೂ ಅರ್ಜಿ ಹಾಕಬಹುದು. ಓದಲು ಬಾರದವರಿಗೆ ಪ್ರತಿ ಸಾಲನ್ನೂ ಅವರ ಮಾತಿನಲ್ಲೇ ಓದಿ ಹೇಳಿಸಿ. ತಿಳಿಯದಿದ್ದರೆ ಆ ದಿನ ಹೆಬ್ಬೆಟ್ಟು ಒತ್ತುವುದು ಬೇಡ, ಮುಂದಿನ ವಾರ ಮತ್ತೆ ಕೂತರಾಯಿತು.