ಕೋಳಿ ಮೇವು ಬಿಟ್ಟಿದೆಯೇ? ಔಷಧಕ್ಕೆ ಮುಂಚೆ ಕತ್ತಿನ ಬುಡ ಮುಟ್ಟಿ ನೋಡಿ

ನಿನ್ನೆಯವರೆಗೆ ಕಾಳು ಚೆಲ್ಲುವ ಸದ್ದಿಗೇ ಓಡಿ ಬರುತ್ತಿದ್ದ ಹೇಂಟೆ ಇವತ್ತು ದೂರದಲ್ಲೇ ನಿಂತಿದೆ. ಕುಂಟುತ್ತಿಲ್ಲ, ಮೂಗು ಸೋರುತ್ತಿಲ್ಲ, ಆದರೆ ಕಾಳಿಗೆ ಬಾಯಿ ಹಾಕುತ್ತಿಲ್ಲ. ಆಗ ಬಹಳಷ್ಟು ಮಂದಿ ಅಂಗಡಿಗೆ ಓಡಿ ಯಾವುದೋ ಪುಡಿ ತಂದು ನೀರಿಗೆ ಕಲಸುತ್ತಾರೆ. ಅದು ಕೊನೆಗೆ ಮಾಡಬೇಕಾದ ಕೆಲಸ. ಅದಕ್ಕೂ ಮೊದಲು ಒಂದು ರಾತ್ರಿ, ಒಂದು ಬೆಳಗ್ಗೆ ಕಾದು ನೋಡುವುದಿದೆ.

ನಿಜವಾಗಿಯೂ ತಿಂದಿಲ್ಲವೇ?

ಬಿಟ್ಟು ಮೇಯಿಸುವ ನಾಟಿ ಕೋಳಿ, ಗಿರಿರಾಜ ಕೋಳಿಗಳು ತಿಪ್ಪೆ ಕೆದಕಿ, ಗೆದ್ದಲು ಹೆಕ್ಕಿ, ಪಕ್ಕದ ಮನೆಯ ಕಣದಲ್ಲಿ ಹೊಟ್ಟೆ ತುಂಬಿಸಿಕೊಂಡು ಬಂದಿರಬಹುದು. ಕತ್ತಲಾಗಿ ಕೋಳಿ ಗೂಡು ಸೇರಿದ ಮೇಲೆ ಮೆಲ್ಲಗೆ ಹಿಡಿದು ಕತ್ತಿನ ಬುಡದಲ್ಲಿ, ಎದೆಯ ಬಲಗಡೆಗೆ ಬೆರಳಾಡಿಸಿ. ನುಂಗಿದ ಕಾಳು ಮೊದಲು ನಿಲ್ಲುವ ಚೀಲ ಅಲ್ಲಿದೆ. ಬೆಳಗ್ಗೆ ಕಾಳು ಹಾಕುವ ಮೊದಲು ಮತ್ತೊಮ್ಮೆ ಮುಟ್ಟಿ.

ರಾತ್ರಿ ತುಂಬಿದ್ದು ಬೆಳಗ್ಗೆ ಖಾಲಿಯಾಗಿದ್ದರೆ ಕೋಳಿ ಹೊರಗೆ ತಿಂದು ಅರಗಿಸಿಕೊಂಡಿದೆ, ನೀವು ನೆಮ್ಮದಿಯಾಗಿರಬಹುದು. ರಾತ್ರಿಯೇ ಖಾಲಿಯಿದ್ದರೆ ನಿಜವಾಗಿ ಮೇವು ಬಿಟ್ಟಿದೆ. ಬೆಳಗ್ಗೆಯೂ ಚೀಲ ತುಂಬಿಯೇ ಇದ್ದರೆ ತಿಂದದ್ದು ಕೆಳಗಿಳಿದಿಲ್ಲ. ಉದ್ದನೆಯ ಒಣಹುಲ್ಲು, ಗೋಣಿದಾರ, ಪ್ಲಾಸ್ಟಿಕ್ ಎಳೆ ನುಂಗಿದ ಕೋಳಿಗಳಲ್ಲಿ ಇದು ಸಾಮಾನ್ಯ. ಚೀಲ ಗಟ್ಟಿಯಾಗಿದ್ದರೆ ಆ ದಿನ ಕಾಳು ನಿಲ್ಲಿಸಿ, ನೀರು ಮಾತ್ರ ಇಡಿ. ಆಗಾಗ ಬೆರಳ ತುದಿಯಿಂದ ಹಗುರಾಗಿ ನೀವಿ. ಮೆತ್ತಗಿದ್ದು ಬಾಯಿಂದ ಹುಳಿ ವಾಸನೆ ಬಂದರೆ ಒಳಗೆ ಹುದುಗೆದ್ದಿದೆ ಎಂದರ್ಥ. ಕಾಲು ಹಿಡಿದು ತಲೆಕೆಳಗೆ ಮಾಡಿ ಕಕ್ಕಿಸುವ ಪದ್ಧತಿ ಕೆಲವು ಕಡೆ ಇದೆ, ದಯವಿಟ್ಟು ಬೇಡ. ಆ ನೀರು ಶ್ವಾಸನಾಳಕ್ಕೆ ಇಳಿದರೆ ಕೋಳಿ ಕೈಯಲ್ಲೇ ಸಾಯುತ್ತದೆ. ಮರುದಿನಕ್ಕೂ ಚೀಲ ಇಳಿಯದಿದ್ದರೆ ಪಶುವೈದ್ಯರ ಬಳಿಗೆ ಒಯ್ಯಿರಿ.

ಒಂದೇ ಕೋಳಿಯೋ, ಎಲ್ಲವೂ?

ಎಲ್ಲ ಕೋಳಿಗಳೂ ಒಟ್ಟಿಗೆ ಮೇವು ಬಿಟ್ಟರೆ ಮೊದಲು ನೀರಿನ ಪಾತ್ರೆ ನೋಡಿ. ಮೊಟ್ಟೆಯಿಡುವ ಹೇಂಟೆ ದಿನಕ್ಕೆ 100ರಿಂದ 120 ಗ್ರಾಂ ಆಹಾರ ತಿನ್ನುತ್ತದೆ, ಅದರ ಸುಮಾರು ಎರಡರಷ್ಟು ನೀರು ಕುಡಿಯುತ್ತದೆ. ಬೇಸಿಗೆಯಲ್ಲಿ ಇನ್ನೂ ಹೆಚ್ಚು. ಪಾತ್ರೆ ಬಿಸಿಲಲ್ಲಿ ಕಾದಿದ್ದರೆ, ಪಾಚಿ ಕಟ್ಟಿದ್ದರೆ ನೀರು ಕುಡಿಯುವುದಿಲ್ಲ, ನೀರಿಲ್ಲದೆ ಕಾಳೂ ಇಳಿಯುವುದಿಲ್ಲ. ರಾಯಚೂರು, ಕಲಬುರಗಿಯ ಕಡೆಯ ಬೇಸಿಗೆಯಲ್ಲಿ ಕೋಳಿ ಬಾಯಿ ತೆರೆದು ಏದುಸಿರು ಬಿಟ್ಟು, ರೆಕ್ಕೆ ಅಗಲಿಸಿ ನಿಂತಿದ್ದರೆ ಅದು ಸೆಕೆಯ ಕಾಟ. ಮಧ್ಯಾಹ್ನ ಕಾಳು ಹಾಕಬೇಡಿ. ಬೆಳಕು ಹರಿಯುವಾಗ ಮತ್ತು ಬಿಸಿಲು ಇಳಿದ ಮೇಲೆ ಹಾಕಿ.

ಮಳೆಗಾಲದಲ್ಲಿ ಅನುಮಾನ ಹೋಗಬೇಕಾದದ್ದು ಮೂಟೆಯ ಕಡೆಗೆ. ನೆಲದ ಮೇಲಿಟ್ಟ ಮೆಕ್ಕೆಜೋಳ, ಶೇಂಗಾ ಹಿಂಡಿ ಬೂಷ್ಟು ಹಿಡಿದರೆ ಅಫ್ಲಾಟಾಕ್ಸಿನ್ ಎಂಬ ವಿಷ ಸೇರಿಕೊಳ್ಳಬಹುದು, ಅದು ಯಕೃತ್ತನ್ನು ಕೆಡಿಸುತ್ತದೆ. ಒಂದು ಹಿಡಿ ತೆಗೆದು ಮೂಸಿ. ಮುಗ್ಗಲು ನಾತ ಬಂದರೆ, ಗಂಟು ಕಟ್ಟಿದ್ದರೆ ಮೂಟೆಯನ್ನೇ ಬಿಸಾಡಿ. ಬಿಸಿಲಿಗೆ ಹರವಿದರೆ ಬೂಷ್ಟು ಒಣಗೀತು, ವಿಷ ಹೋಗದು. ಹೊಸ ಆಹಾರ ಶುರು ಮಾಡಿದ್ದರೆ ಹಳೆಯದರ ಜತೆ ಬೆರೆಸಿ, ಒಂದು ವಾರದಲ್ಲಿ ಬದಲಿಸಿ.

ಒಂದೇ ಕೋಳಿಯಾದರೆ, ಕಾವಿಗೆ ಕೂತಿರಬಹುದು. ಕಾವಿನ 21 ದಿನ ಅದು ದಿನಕ್ಕೊಮ್ಮೆ ಸ್ವಲ್ಪ ಹೊತ್ತು ಎದ್ದು ತಿಂದು ಮರಳುತ್ತದೆ. ತೂಕ ಇಳಿಯುವುದು ಸಹಜ. ಗರಿ ಉದುರುವ ಕಾಲದಲ್ಲೂ ಮಂಕಾಗುತ್ತದೆ. ಇವೆರಡೂ ಅಲ್ಲದಿದ್ದರೆ ರಾತ್ರಿ ಟಾರ್ಚ್ ಹಿಡಿದು ಗೂಡಿನ ಮೂಲೆ, ಬಿರುಕುಗಳಲ್ಲಿ ರಕ್ತ ಹೀರುವ ಕೆಂಪು ನುಸಿ ಇದೆಯೇ ನೋಡಿ. ಹಗಲು ಹುಡುಕಿದರೆ ಅವು ಕೈಗೆ ಸಿಗುವುದು ಅಪರೂಪ.

ಹಿಕ್ಕೆ ಹೇಳುವುದು

ಮೇವು ಬಿಟ್ಟ ಕೋಳಿಯನ್ನು ಬೇರೆ ಮಂಕರಿಯಲ್ಲಿ ಕಾಗದ ಹಾಸಿ ಇಡಿ. ರಕ್ತ ಕಂಡರೆ, ಅದರಲ್ಲೂ ಎಳೆ ಮರಿಗಳಲ್ಲಿ, ರಕ್ತಭೇದಿಯ ಶಂಕೆ. ಹಸಿರು ಬಣ್ಣದ ನೀರುಭೇದಿ, ಉಬ್ಬಸ, ಕತ್ತು ತಿರುಚುವುದು ಕೊಕ್ಕರೆ ರೋಗದ ಚಿಹ್ನೆ. ಇದಕ್ಕೆ ಮದ್ದಿಲ್ಲ, ಮುಂಚೆಯೇ ಹಾಕಿಸುವ ಲಸಿಕೆಯೊಂದೇ ದಾರಿ: ಮೊದಲ ವಾರದಲ್ಲಿ ಲಸೋಟ ಹನಿ, ಎಂಟನೇ ವಾರದ ಸುಮಾರಿಗೆ ಆರ್‌ಟುಬಿ ಚುಚ್ಚುಮದ್ದು. ನಾಲ್ಕಾರು ಕೋಳಿಗಳು ಒಮ್ಮೆಲೇ ಸತ್ತರೆ ಬರಿಗೈಯಲ್ಲಿ ಮುಟ್ಟಬೇಡಿ, ಹಳ್ಳಕ್ಕೆ ಎಸೆಯಬೇಡಿ. ಪಶು ಆಸ್ಪತ್ರೆಗೆ ತಿಳಿಸಿ, ಅಥವಾ 1962ಕ್ಕೆ ಕರೆ ಮಾಡಿ.

ವೈದ್ಯರ ಬಳಿ ಹೋಗುವಾಗ ಆ ದಿನದ ಹಿಕ್ಕೆಯನ್ನು ಕವರಿನಲ್ಲಿ ಕಟ್ಟಿಕೊಂಡು, ಹಾಕುತ್ತಿರುವ ಆಹಾರದ ಒಂದು ಹಿಡಿಯನ್ನೂ ಒಯ್ಯಿರಿ. ಅವರು ಆಂಟಿಬಯೋಟಿಕ್ ಬರೆದುಕೊಟ್ಟರೆ ಮೊಟ್ಟೆಯನ್ನು ಎಷ್ಟು ದಿನ ತಿನ್ನಬಾರದು ಎಂದು ಅಲ್ಲೇ ಕೇಳಿ ಬರೆದುಕೊಳ್ಳಿ.